ಗೋದಾವರಿ ತೀರದಲ್ಲಿ ಕ್ರೋಶಾ: ಮನೆತನದ ನಮೂನೆಗಳನ್ನು ಹೆಣಿಗೆಗೆ ಇಳಿಸುವ ಬಗೆ

ತುದಿಯಲ್ಲಿ ಕೊಕ್ಕೆಯುಳ್ಳ ಒಂದೇ ಸೂಜಿಯಿಂದ, ದಾರದ ಕುಣಿಕೆಯೊಳಗೆ ಮತ್ತೊಂದು ಕುಣಿಕೆಯನ್ನು ಎಳೆಯುತ್ತ ಹೆಣೆಯುವ ಕಲೆಗೆ ಕ್ರೋಶಾ ಎಂದು ಹೆಸರು. ಇದು ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ; ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳೊಡನೆ ಭಾರತದಲ್ಲಿ ಹರಡಿತು. ಆದರೂ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಮನೆಗಳಲ್ಲಿ ಅದು ಎಷ್ಟು ಬೇಗ ಮನೆಮಗಳಾಯಿತೆಂದರೆ ಬಾಗಿಲ ತೋರಣ, ದೇವರ ಮಂಟಪದ ಹಾಸು, ಅಂಚಿಗೆ ಮಣಿ ಪೋಣಿಸಿದ ಹಾಲಿನ ಪಾತ್ರೆಯ ಮುಚ್ಚಿಗೆ, ರೇಡಿಯೋದ ಹೊದಿಕೆ ಎಲ್ಲವೂ ಅದರಲ್ಲೇ ಸಿದ್ಧವಾದವು. (ರೇಡಿಯೋ ಹೋಗಿ ಟಿ.ವಿ. ಬಂದಾಗ ಹೊದಿಕೆಯೂ ದೊಡ್ಡದಾಯಿತು. ಗೋಡೆಗೆ ಅಂಟಿಕೊಂಡ ಇಂದಿನ ಟಿ.ವಿ.ಗೆ ಹೊದಿಸಲು ತಲೆಯೇ ಇಲ್ಲ!) ಮರಾಠಿ ಮದುವೆಗಳ ‘ರುಖವತ’ದಲ್ಲಿ, ಅಂದರೆ ವಧುವಿನ ಕಡೆಯವರ ಕೈಕೆಲಸಗಳನ್ನು ಸಾಲಾಗಿ ಇಡುವ ಸಂಪ್ರದಾಯದಲ್ಲಿ, ಕ್ರೋಶಾ ವಸ್ತುಗಳಿಗೆ ಸ್ಥಾನವಿದೆ.

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ನಗರಗಳ ಕನ್ನಡ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಈ ಲೇಖನ ಬರೆಯುತ್ತಿದ್ದೇವೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಹೇಳಿದ್ದು ಗೋದಾವರಿಯನ್ನೇ. ಆ ನದಿ ಹುಟ್ಟುವುದು ನಾಸಿಕ್ ಬಳಿಯ ತ್ರ್ಯಂಬಕದಲ್ಲಿ. ಅದರ ದಂಡೆಯ ಪೈಠಣ ಇರುವುದು ಸಂಭಾಜಿನಗರ ಜಿಲ್ಲೆಯಲ್ಲಿ. ಇಲ್ಲಿಯ ಕನ್ನಡ ಮನೆಗಳಿಗೆ ನಮೂನೆಯ ಎರಡು ಭಂಡಾರಗಳು ಕೈಗೆಟುಕುತ್ತವೆ: ತವರಿನಿಂದ ಬಂದ ಧಾರವಾಡ ಕಸೂತಿ, ನೆಲೆಸಿದ ನೆಲದ ಪೈಠಣಿ.

ಕಸೂತಿಯು ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಹೊಲಿಗೆ. ಅಚ್ಚು ಒತ್ತುವುದಿಲ್ಲ, ಗೆರೆ ಎಳೆಯುವುದಿಲ್ಲ; ಲೆಕ್ಕವೆಲ್ಲ ಹೆಂಗಸರ ಬಾಯಲ್ಲಿ. ಗೋಪುರ, ತೇರು, ಅಂಬಾರಿ ಆನೆ, ತುಳಸಿ ವೃಂದಾವನ, ನವಿಲು ಅದರ ಪ್ರಸಿದ್ಧ ಆಕೃತಿಗಳು. ಕಷ್ಟವಿರುವುದೂ ಇಲ್ಲಿಯೇ. ಅಜ್ಜಿಯ ಕಪ್ಪು ಚಂದ್ರಕಳಿ ಸೀರೆ ಮಡಿಕೆಯ ಜಾಗದಲ್ಲಿ ಸೀಳುತ್ತದೆ. ಒಂದು ದಿನ ಅದು ಸ್ಟೀಲ್ ಪಾತ್ರೆಗೆ ಬದಲಾಗಿ ಮನೆಯ ಹೊಸ್ತಿಲು ದಾಟುತ್ತದೆ. ಎಣಿಕೆಯನ್ನು ಯಾರೂ ಬರೆದಿಟ್ಟಿರದಿದ್ದರೆ ನಮೂನೆಯೂ ಅದರೊಡನೆಯೇ ಹೋಯಿತು.

ಅದನ್ನು ಉಳಿಸಿಕೊಳ್ಳಲು ಕ್ರೋಶಾದ ‘ಫಿಲೆ’ ಎಂಬ ಚೌಕಜಾಲ ಪದ್ಧತಿ ಹೇಳಿ ಮಾಡಿಸಿದಂತಿದೆ. ಮರಾಠಿಯಲ್ಲಿ ‘ಸಾಖಳಿ’, ‘ಖಾಂಬ’ ಎನ್ನುವ ಸರಪಳಿ ಮತ್ತು ಕಂಬ ಎರಡೇ ಇದಕ್ಕೆ ಸಾಕು. ಒಂದು ಕಂಬ, ಎರಡು ಸರಪಳಿ ಹಾಕಿದರೆ ಖಾಲಿ ಚೌಕ. ಸರಪಳಿಯ ಜಾಗದಲ್ಲಿ ಎರಡು ಕಂಬ ಹಾಕಿದರೆ ತುಂಬಿದ ಚೌಕ. ಪಕ್ಕದ ಚೌಕಗಳಿಗೆ ನಡುವಿನ ಕಂಬ ಸಾಮಾನ್ಯವಾದ್ದರಿಂದ ಚೌಕಗಳ ಸಂಖ್ಯೆಯನ್ನು ಮೂರರಿಂದ ಗುಣಿಸಿ ಒಂದನ್ನು ಕೂಡಿಸಬೇಕು. 30 ಚೌಕದ ಅಗಲಕ್ಕೆ 91 ಹೊಲಿಗೆ. ಮೊದಲ ಸಾಲು ತುಂಬಿದ ಚೌಕದಿಂದ ಆರಂಭವಾಗುವುದಾದರೆ ತಳಕ್ಕೆ 93 ಸರಪಳಿ ಹಾಕಿ, ಕೊಕ್ಕೆಯಿಂದ ನಾಲ್ಕನೆಯದರಲ್ಲಿ ಕಂಬ ಎತ್ತಬೇಕು. ಬಿಟ್ಟ ಮೂರು ಸರಪಳಿಯೇ ಮೊದಲ ಕಂಬ.

ಸೀರೆಯನ್ನು ಬೆಳಕಿಗೆ ಹಿಡಿದು, ಗುಂಡುಸೂಜಿಯ ತುದಿಯಿಂದ ಹೊಲಿಗೆ ಎಣಿಸುತ್ತ ಗ್ರಾಫ್ ಕಾಗದದ ಮನೆಗಳನ್ನು ಪೆನ್ಸಿಲ್ಲಿನಿಂದ ತುಂಬುತ್ತ ಹೋಗಬೇಕು. ಇಲ್ಲಿ ಎಲ್ಲವೂ ಇಳಿಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಮೈ ತುಂಬುವ ನೇಯ್ಗೆ ಮತ್ತು ಮೆಂತೆ ಸುಲಭವಾಗಿ ತುಂಬಿದ ಚೌಕಗಳಾಗುತ್ತವೆ. ಮೆಟ್ಟಿಲಿನಂತೆ ಏರುವ ಮುರಗಿಯೂ ಒಗ್ಗುತ್ತದೆ. ಕೂದಲೆಳೆಯಂಥ ಗವಂತಿಯ ಗೆರೆ ಮಾತ್ರ ಒಂದು ಚೌಕದಷ್ಟು ದಪ್ಪವಾಗಿ ತನ್ನ ಲಾವಣ್ಯವನ್ನು ಕಳೆದುಕೊಳ್ಳುತ್ತದೆ. ಅಂಥ ಗೆರೆಗಳನ್ನು ಬಿಟ್ಟು ಆಕೃತಿಯ ಒಡಲನ್ನು ಮಾತ್ರ ಉಳಿಸಿಕೊಳ್ಳುವುದೇ ಲೇಸೆಂದು ನಮ್ಮ ಅಭಿಪ್ರಾಯ. ನವಿಲಿನ ಕಣ್ಣಿಗೆ ಒಂದು ಖಾಲಿ ಚೌಕ ಸಾಕು.

ಎರಡನೆಯ ತೊಡಕು ಅಳತೆಯದು. ಹೆಣೆದ ಚೌಕ ನಿಜವಾಗಿ ಚೌಕವಾಗಿರುವುದು ಅಪರೂಪ. ಆದ್ದರಿಂದ ಹತ್ತು ಚೌಕ ಅಗಲ, ಹತ್ತು ಸಾಲು ಎತ್ತರದ ತುಣುಕೊಂದನ್ನು ಹೆಣೆದು, ತೊಳೆದು, ಒಣಗಿಸಿ ಅಳೆಯಬೇಕು. ಅಗಲ 10 ಸೆಂ.ಮೀ., ಎತ್ತರ 8 ಸೆಂ.ಮೀ. ಬಂದರೆ 30 ಸಾಲಿನ ಗೋಪುರ ಕುಳ್ಳಾಗುತ್ತದೆ. ಅದಕ್ಕೆ 37 ಅಥವಾ 38 ಸಾಲು ಬೇಕು. ಹೆಚ್ಚಿನ ಸಾಲುಗಳನ್ನು ತಳದ ಅಂತಸ್ತುಗಳಿಗೆ ಹಂಚಬೇಕು, ಕಳಶವನ್ನು ಮುಟ್ಟಬಾರದು. ದಾರದ ಸಂಖ್ಯೆ ಏರಿದಂತೆ ದಾರ ತೆಳುವಾಗುತ್ತದೆ: 20ನೇ ನಂಬರಿನಲ್ಲಿ ಹಾಸು ಚೆನ್ನ, 40ರಲ್ಲಿ ಅಂಚುಪಟ್ಟಿ. ಕೆಂಪು ದಾರವನ್ನು ಬಿಳಿಯೊಡನೆ ಸೇರಿಸುವ ಮೊದಲು ಬಣ್ಣ ಬಿಡುತ್ತದೆಯೇ ಎಂದು ನೆನೆಸಿ ನೋಡಿರಿ.

ಪೈಠಣಿಯ ದಾರಿ ಬೇರೆ. ಪೈಠಣದಲ್ಲಿಯೂ ನಾಸಿಕ್ ಜಿಲ್ಲೆಯ ಯೇವಲೆಯಲ್ಲಿಯೂ ನೇಯುವ ಈ ಸೀರೆಯ ಸೆರಗಿನಲ್ಲಿ ಬಣ್ಣಬಣ್ಣದ ಎಳೆಗಳನ್ನು ಪ್ರತ್ಯೇಕವಾಗಿ ಕೊಕ್ಕೆಯಂತೆ ಸಿಕ್ಕಿಸುತ್ತಾರೆ. ಬಳೆಯೊಳಗೆ ನವಿಲು ನಿಂತ ‘ಬಾಂಗಡಿ ಮೋರ್’, ಹೂಬಳ್ಳಿಯ ‘ಅಸಾವಲಿ’, ಅಜಂತೆಯನ್ನು ನೆನಪಿಸುವ ಕಮಲ ಇವೆಲ್ಲ ಅಲ್ಲಿಯವು. ಬಳೆಯ ವೃತ್ತವನ್ನು ಚೌಕಗಳಲ್ಲಿ ತೋರಿಸಲು ಕನಿಷ್ಠ ಇಪ್ಪತ್ತು ಚೌಕವಾದರೂ ಅಗಲ ಬೇಕು. ಅದಕ್ಕಿಂತ ಚಿಕ್ಕದಾದರೆ ಅಷ್ಟಕೋನವಾಗಿ ಕಾಣುತ್ತದೆ. ಆರಂಭಿಸುವವರಿಗೆ ಕಮಲವೇ ಸುಲಭ.

ಮಾರಾಟದ ಯೋಚನೆಯಿರುವವರು ಎರಡು ಸಂಗತಿ ತಿಳಿದಿರಬೇಕು. ಕಸೂತಿಗೂ ಪೈಠಣಿಗೂ ಭೌಗೋಳಿಕ ಸೂಚಕದ ರಕ್ಷಣೆಯಿದೆ. ಕ್ರೋಶಾ ಹಾಸನ್ನು ಆ ಹೆಸರುಗಳಿಂದ ಮಾರುವುದು ಸಲ್ಲದು, ‘ಕಸೂತಿ ನಮೂನೆಯ ಕ್ರೋಶಾ’ ಎಂದರೆ ಸತ್ಯವೂ ಉಳಿಯುತ್ತದೆ. ಇನ್ನೊಂದು ಕೂಲಿಯ ಮಾತು. ಇದೇ ಗೋದಾವರಿ ಕಡಲು ಸೇರುವ ಕಡೆ, ಆಂಧ್ರದ ನರಸಾಪುರದಲ್ಲಿ, ಕ್ರೋಶಾ ಲೇಸು ರಫ್ತಿನ ಉದ್ಯಮವಾಗಿ ಬೆಳೆದಿದೆ. ಅಲ್ಲಿಯ ಹೆಂಗಸರ ದುಡಿಮೆಯನ್ನು ಗೃಹಿಣಿಯರ ಬಿಡುವಿನ ಕೆಲಸವೆಂದು ಬಗೆದು ಅತ್ಯಲ್ಪ ಕೂಲಿ ಕೊಡುತ್ತಿದ್ದುದನ್ನು ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಬೆಲೆ ಕಟ್ಟುವಾಗ ದಾರದ ಖರ್ಚನ್ನಷ್ಟೇ ಅಲ್ಲ, ಕುಳಿತ ಗಂಟೆಗಳನ್ನೂ ಬರೆದಿಡಿರಿ.

ಗ್ರಾಫ್ ಕಾಗದದ ಹಿಂಬದಿಯಲ್ಲಿ ನಮೂನೆಗೆ ಮನೆಯಲ್ಲಿದ್ದ ಹೆಸರು, ಯಾರ ಸೀರೆಯಿಂದ ಎಣಿಸಿದ್ದು, ಯಾವ ಊರು, ಯಾವ ವರ್ಷ, ದಾರದ ನಂಬರು, ಸೂಜಿಯ ಅಳತೆ, ಬಿಟ್ಟ ಗೆರೆಗಳು ಯಾವುವು ಎಂಬುದನ್ನು ದಾಖಲಿಸಬೇಕು. ಹಿರಿಯರು ಎದುರಿಗಿದ್ದರೆ ಎಣಿಕೆಯನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿರಿ. ಕಾಗದದ ಲೆಕ್ಕ ಎಲ್ಲಿ ತಪ್ಪಿದೆಯೆಂಬುದು ಬಹುಮಟ್ಟಿಗೆ ಆಗಲೇ ಗೊತ್ತಾಗುತ್ತದೆ.