ಹುಲ್ಲಿನ ಬೆಂಕಿಯಿಂದ ಹುಟ್ಟಿದ ವಿಮಾ ಕಂಪನಿ

ಸರಿಯಾಗಿ ಒಣಗದ ಹುಲ್ಲನ್ನು ಒಟ್ಟಿದರೆ ಒಳಗೊಳಗೇ ಕಾವೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಣವೆ ಹಾಕುವವರಿಗೆ ಇದನ್ನು ಹೇಳಬೇಕಿಲ್ಲ. ನೆದರ್ಲೆಂಡ್ಸ್‌ನ ಉತ್ತರಕ್ಕಿರುವ ಫ್ರೀಸ್‌ಲ್ಯಾಂಡ್ ಹೈನುಗಾರಿಕೆಯ ಸೀಮೆ. ಅಲ್ಲಿ ಹುಲ್ಲು, ದನ, ಮನೆಮಂದಿ ಎಲ್ಲ ಒಂದೇ ಸೂರಿನಡಿ. ಹುಲ್ಲಿಗೆ ಬೆಂಕಿ ಬಿದ್ದರೆ ರೈತ ಬೀದಿಗೆ ಬಿದ್ದಂತೆಯೇ.

1811. ಆ ನಾಡು ನೆಪೋಲಿಯನ್ನನ ಆಳ್ವಿಕೆಯಲ್ಲಿತ್ತು. ಅಖ್ಲುಮ್ ಎಂಬ ಪುಟ್ಟ ಹಳ್ಳಿಯಲ್ಲಿ ಉಲ್ಬೆ ಪೀರ್ಸ್ ಡ್ರೈಸ್ಮಾ ಎಂಬಾತ ಸುಮಾರು 40 ಮಂದಿಯನ್ನು ಸೇರಿಸಿ ಸಂಘ ಕಟ್ಟಿದ. ಒಬ್ಬನ ಮನೆ ಸುಟ್ಟರೆ ನಷ್ಟವನ್ನು ಎಲ್ಲರೂ ಹೊರಬೇಕು. ವಿಮೆ ಮಾಡಿಸಿದವರೇ ಮಾಲೀಕರು. ಲಾಭ ಒಯ್ಯಲು ಹೊರಗಿನ ಸಾಹುಕಾರನಿಲ್ಲ. ನೆರೆಯವನು ಹಸಿ ಹುಲ್ಲು ಒಟ್ಟಿದರೆ ನನ್ನ ಜೇಬಿಗೂ ಕುತ್ತು. ಇಂಥ ಸಂಘದ ನಿಜವಾದ ಬಲ ಇದೇ ಅಂತ ನನಗನ್ನಿಸುತ್ತದೆ.

ಹಲವು ವಿಲೀನಗಳ ಬಳಿಕ ಅದೇ ಇಂದಿನ ಅಖ್ಮೇಯಾ, ಆ ದೇಶದ ಅತಿ ದೊಡ್ಡ ವಿಮಾ ಕಂಪನಿಗಳಲ್ಲೊಂದು. ಈಗ ಆರೋಗ್ಯ ವಿಮೆಯೇ ಅದರ ದೊಡ್ಡ ವ್ಯವಹಾರ. ಹೆಚ್ಚಿನ ಪಾಲು ಇವತ್ತಿಗೂ ಗ್ರಾಹಕರ ಸಂಘದ್ದು. ನಂತರದ ದೊಡ್ಡ ಪಾಲು ರಾಬೋಬ್ಯಾಂಕ್‌ನದು, ಅದೂ ರೈತರ ಸಹಕಾರ ಸಂಘಗಳಿಂದ ಬೆಳೆದ ಬ್ಯಾಂಕು. ಆದರೆ ಲಕ್ಷಾಂತರ ಗ್ರಾಹಕರಲ್ಲಿ ಎಷ್ಟು ಜನರಿಗೆ ತಾವೇ ಮಾಲೀಕರೆಂಬ ನೆನಪಿದೆಯೋ! 2011ರಲ್ಲಿ, 200 ವರ್ಷ ತುಂಬಿದಾಗ, ಕಂಪನಿ ಮತ್ತೆ ಅಖ್ಲುಮ್‌ಗೇ ಹೋಗಿ ಸಮಾವೇಶ ನಡೆಸಿತು. ಆ ಹಳ್ಳಿಗೆ ಬಂದು ಭಾಷಣ ಮಾಡಿದವರಲ್ಲಿ ಬಿಲ್ ಕ್ಲಿಂಟನ್ ಕೂಡ ಒಬ್ಬರು.