ಅಣೆಕಟ್ಟಿನ ಹಿಂದೆ ಉಳಿದ ಮೀನು

ಕೋಳಿಮೊಟ್ಟೆಯನ್ನು ಸಿಹಿನೀರಿಗೆ ಹಾಕಿದರೆ ಮುಳುಗುತ್ತದೆ. ಉಪ್ಪು ಕರಗಿಸುತ್ತ ಹೋದರೆ ಮೇಲೆ ಬರುತ್ತದೆ. ಈ ಪ್ರಯೋಗವನ್ನು ನೀವು ತರಗತಿಯಲ್ಲಿ ಮಾಡಿಯೇ ಇರುತ್ತೀರಿ. ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದಲ್ಲಿ ಒಂದು ಮೀನಿನ ಹಾಗೂ ಅದಕ್ಕಾಗಿ ಗಾಳ ಹಾಕಿ ಕೂರುವ ಹವ್ಯಾಸಿಗಳ ಭವಿಷ್ಯ ಇದೇ ತತ್ತ್ವವನ್ನು ಅವಲಂಬಿಸಿತ್ತು.

ಮೀನಿನ ಹೆಸರು ಸ್ಟ್ರೈಪ್ಡ್ ಬಾಸ್. ಬೆಳ್ಳಿಬಣ್ಣದ ಮೈಮೇಲೆ ಉದ್ದಕ್ಕೂ ಏಳೆಂಟು ಕಪ್ಪು ಗೆರೆಗಳು. ಅಟ್ಲಾಂಟಿಕ್ ಕರಾವಳಿಯ ಈ ಮೀನು ವಸಂತದಲ್ಲಿ ನದಿಗಳನ್ನೇರಿ ಸಿಹಿನೀರಿನಲ್ಲಿ ಮೊಟ್ಟೆಯಿಡುತ್ತದೆ.

ಈ ರಾಜ್ಯದ ಸ್ಯಾಂಟಿ ನದಿಗೆ ಅಣೆಕಟ್ಟು ಕಟ್ಟುವ ಕೆಲಸ 1939ರಲ್ಲಿ ಆರಂಭವಾಯಿತು. ಉದ್ದೇಶ ವಿದ್ಯುತ್ತು; ಮೀನಿನ ಯೋಚನೆ ಯಾರಿಗೂ ಇರಲಿಲ್ಲ. ಸುಮಾರು 900 ಕುಟುಂಬಗಳು ಮನೆ ಬಿಡಬೇಕಾಯಿತು. 1941ರ ಕೊನೆಯಲ್ಲಿ ನೀರು ನಿಲ್ಲತೊಡಗಿತು, 1942ರಲ್ಲಿ ವಿದ್ಯುತ್ತು ಹರಿಯಿತು. ಮರಿಯನ್ ಮತ್ತು ಮೋಲ್ಟ್ರಿ ಎಂಬ ಎರಡು ಜಲಾಶಯಗಳು ಹುಟ್ಟಿದವು. ಯುದ್ಧದ ಅವಸರದಲ್ಲಿ ಕಾಡನ್ನು ಪೂರ್ತಿ ಕಡಿಯಲಿಲ್ಲ. ನಿಂತಲ್ಲೇ ಮುಳುಗಿದ ಆ ಮರಗಳ ಬುಡವೇ ಮುಂದೆ ಮೀನುಗಳ ಅಡಗುತಾಣವಾಯಿತು.

ಅಣೆಕಟ್ಟಿನ ಮೇಲ್ಗಡೆ ಸಿಕ್ಕಿಕೊಂಡ ಸ್ಟ್ರೈಪ್ಡ್ ಬಾಸ್ ಕೆಲವು ವರ್ಷಗಳಲ್ಲಿ ಮುಗಿದುಹೋಗಬೇಕಿತ್ತು. ಆದರೆ 1940ರ ದಶಕ ಮುಗಿಯುವ ಹೊತ್ತಿಗೆ ಗಾಳಕ್ಕೆ ಅವು ಹೆಚ್ಚು ಹೆಚ್ಚಾಗಿ ಸಿಗತೊಡಗಿದವು. 1950ರ ದಶಕದಲ್ಲಿ ಜೀವವಿಜ್ಞಾನಿಗಳು ಪರೀಕ್ಷಿಸಿ, ಅವು ಅಲ್ಲೇ ಸಂತಾನ ಬೆಳೆಸುತ್ತಿವೆ ಎಂದು ಖಚಿತಪಡಿಸಿದರು. ಸಮುದ್ರದ ಮೀನು ಕೆರೆಯ ಮೀನಾಯಿತು ಎಂಬ ಕಥೆ ಎಲ್ಲೆಡೆ ಹಬ್ಬಿತು. ಇದು ಅರ್ಧ ಸತ್ಯ. ಉತ್ತರದ ರಾಜ್ಯಗಳಲ್ಲಿ ಈ ಮೀನು ಸಮುದ್ರದಲ್ಲಿ ದೂರ ಸಂಚರಿಸುವುದು ನಿಜ. ದಕ್ಷಿಣದ ನದಿಗಳಲ್ಲಿ ಅದು ಬಹುಮಟ್ಟಿಗೆ ನದಿ, ಅಳಿವೆಗಳಲ್ಲೇ ಬಾಳುತ್ತದೆ. ಆದ್ದರಿಂದ ದೊಡ್ಡ ಮೀನು ಸಿಹಿನೀರಿನಲ್ಲಿ ಬದುಕಿದ್ದು ಆಶ್ಚರ್ಯವಲ್ಲ. ಮೊಟ್ಟೆ ಬದುಕಿದ್ದು ಹೇಗೆ ಎಂಬುದೇ ನಿಜವಾದ ಪ್ರಶ್ನೆ.

ಇಲ್ಲಿ ನಮ್ಮ ಭೌತವಿಜ್ಞಾನ ನೆರವಿಗೆ ಬರುತ್ತದೆ. ಈ ಮೊಟ್ಟೆಯ ಸಾಪೇಕ್ಷ ಸಾಂದ್ರತೆ ಸುಮಾರು 1.0005. ಅಂದರೆ ಒಂದು ಲೀಟರು ಗಾತ್ರದ ಮೊಟ್ಟೆಗಳು ಅಷ್ಟೇ ನೀರಿಗಿಂತ ಅರ್ಧ ಗ್ರಾಮಿನಷ್ಟು ಮಾತ್ರ ಹೆಚ್ಚು ತೂಗುತ್ತವೆ! ನಿಂತ ನೀರಿನಲ್ಲಿ ಅವು ಮೆಲ್ಲಗೆ ತಳ ಸೇರಿ, ಕೆಸರಿನಲ್ಲಿ ಉಸಿರುಗಟ್ಟಿ ಸಾಯುತ್ತವೆ. ತೇಲುತ್ತಿರಲು ಸೆಕೆಂಡಿಗೆ ಸುಮಾರು 30 ಸೆಂ.ಮೀ. ವೇಗದ ಹರಿವು ಬೇಕು. 18 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮರಿಯಾಗಲು ಹೆಚ್ಚುಕಡಿಮೆ 48 ಗಂಟೆ ಹಿಡಿಯುತ್ತದೆ. ಗುಣಿಸಿ ನೋಡಿ: 52 ಕಿ.ಮೀ. ಅಷ್ಟು ಉದ್ದದ ಹರಿಯುವ ನದಿ ಇರಲೇಬೇಕು. ಜಲಾಶಯದ ಮೇಲ್ಗಡೆ ಕೊಂಗರೀ ನದಿ ಸುಮಾರು 85 ಕಿ.ಮೀ. ಹರಿಯುತ್ತದೆ, ಜೊತೆಗೆ ವಾಟರೀ ನದಿಯೂ ಇದೆ. ಮೀನು ಉಳಿದದ್ದು ಈ ನದಿಗಳಿಂದ. ಇವುಗಳ ಕೆಳಭಾಗದಲ್ಲಿ ಇನ್ನೊಂದು ಅಣೆಕಟ್ಟು ಎದ್ದಿದ್ದರೆ ಈ ಲೆಕ್ಕ ತಪ್ಪಿಹೋಗುತ್ತಿತ್ತು.

ಸುದ್ದಿ ಹರಡಿ ಜಲಾಶಯದ ದಡದಲ್ಲಿ ಗಾಳದವರ ಬಿಡಾರಗಳು ಎದ್ದವು. ಅಂಥದೊಂದು ಬಿಡಾರದ ಒಡೆಯ, ಕಾರ್ ರೇಸ್ ಚಾಲಕ ಟೈನಿ ಲಂಡ್ 1963ರಲ್ಲಿ 55 ಪೌಂಡಿನ, ಅಂದರೆ ಸುಮಾರು 25 ಕಿಲೋಗ್ರಾಮಿನ ಮೀನು ಹಿಡಿದರು. ಅದೇ ವರ್ಷ ಅವರು ಡೇಟೋನಾ 500 ರೇಸನ್ನೂ ಗೆದ್ದರು. 1972ರಲ್ಲಿ ಸ್ಟ್ರೈಪ್ಡ್ ಬಾಸ್ ರಾಜ್ಯದ ಮೀನೆಂದು ಘೋಷಿತವಾಯಿತು.

ನಮಗೂ ಬೇಕು ಎಂದು ಬೇರೆ ರಾಜ್ಯಗಳು ಕೇಳಿದವು. ಅಲ್ಲಿನ ಬಹಳಷ್ಟು ಜಲಾಶಯಗಳ ಮೇಲ್ಗಡೆ ಸಾಕಷ್ಟು ಉದ್ದದ ನದಿ ಇಲ್ಲ. ಬಿಟ್ಟ ಮೀನು ಬೆಳೆಯಬಹುದು, ಸಂತಾನವಾಗದು. ಮರಿಗಳನ್ನು ಕೇಂದ್ರದಲ್ಲೇ ಮಾಡಬೇಕು. ಆದರೆ ಹಿಡಿದ ಹೆಣ್ಣುಮೀನಿನ ಮೊಟ್ಟೆಗಳು ಸೆರೆಯಲ್ಲಿ ಪಕ್ವವಾಗುತ್ತಿರಲಿಲ್ಲ. 1960ರ ದಶಕದಲ್ಲಿ ಮಾಂಕ್ಸ್ ಕಾರ್ನರ್‌ನ ಮರಿ ಉತ್ಪಾದನಾ ಕೇಂದ್ರದಲ್ಲಿ ರಾಬರ್ಟ್ ಸ್ಟೀವನ್ಸ್ ಹಾರ್ಮೋನು ಚುಚ್ಚಿ ಈ ತೊಡಕನ್ನು ಬಿಡಿಸಿದರು. ಸಣ್ಣ ನಳಿಗೆಯಿಂದ ಕೆಲವು ಮೊಟ್ಟೆ ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಇನ್ನೆಷ್ಟು ಗಂಟೆಗೆ ಪಕ್ವವಾಗುತ್ತವೆ ಎಂದು ಅಂದಾಜಿಸುತ್ತಿದ್ದರು. ಹೊತ್ತು ಮೀರಿದರೆ ಮೊಟ್ಟೆಗಳು ಕೆಡುತ್ತವೆ. ಹಾರ್ಮೋನಿಗಿಂತ ಈ ಅಂದಾಜಿನ ಜಾಣ್ಮೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ವೈಟ್ ಬಾಸ್ ಜೊತೆಗಿನ ಮಿಶ್ರತಳಿಯೂ ಇದೇ ರಾಜ್ಯದಲ್ಲಿ 1965ರಲ್ಲಿ ಹುಟ್ಟಿತು.

ಆದರೂ ಮುಂದೆ ಮೀನಿನ ಸಂಖ್ಯೆ ಇಳಿಯಿತು. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿ, ಅಡಿಯ ನೀರಿನಲ್ಲಿ ಆಮ್ಲಜನಕ ಕಡಿಮೆ. ನಡುವೆ ಇಕ್ಕಟ್ಟಿನಲ್ಲಿರುವ ಮೀನು ಗಾಳಕ್ಕೆ ಸಿಕ್ಕಿ ಒದ್ದಾಡಿದರೆ, ನೀರಿಗೆ ಮರಳಿ ಬಿಟ್ಟರೂ ಎಷ್ಟೋ ಸಲ ಉಳಿಯದು. ಹೀಗಾಗಿ 2008ರಲ್ಲಿ ನಿಯಮ ಬಿಗಿಯಾಯಿತು: ಸ್ಯಾಂಟಿ ನದಿವ್ಯೂಹದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ಈ ಮೀನನ್ನು ಹಿಡಿದು ಇಟ್ಟುಕೊಳ್ಳಬಾರದು ಎಂದು ಆಗ ವಿಧಿಸಲಾಯಿತು.