ರೆಸಿಡೆಂಟ್ ಅಸಿಸ್ಟೆಂಟ್

ಅಮೆರಿಕದ ವಿಶ್ವವಿದ್ಯಾಲಯಗಳ ವಸತಿನಿಲಯಗಳಲ್ಲಿ ಓದಿನ ಜೊತೆಗೆ ಅರೆಕಾಲಿಕವಾಗಿ ದುಡಿಯುವ ವಿದ್ಯಾರ್ಥಿಗಳ ಪೈಕಿ ಅತಿ ಹೆಚ್ಚಿನ ಹೊಣೆ ಹೊರುವವರು ರೆಸಿಡೆಂಟ್ ಅಸಿಸ್ಟೆಂಟರು, ಅಂದರೆ ನಿವಾಸಿ ಸಹಾಯಕರು. ಕರ್ನಾಟಕದ ಹಾಸ್ಟೆಲುಗಳ ವಾರ್ಡನ್ ಸಾಮಾನ್ಯವಾಗಿ ಅಧ್ಯಾಪಕ ಅಥವಾ ನೌಕರನಾಗಿದ್ದರೆ, ಈ ಸಹಾಯಕ ಸ್ವತಃ ವಿದ್ಯಾರ್ಥಿಯಾಗಿದ್ದು, ಒಂದು ಅಂತಸ್ತಿನ ನಿವಾಸಿಗಳ ನಡುವೆಯೇ ವಾಸಿಸುತ್ತ, ಹೊಸಬರನ್ನು ಬರಮಾಡಿಕೊಂಡು, ಕೊಠಡಿವಾಸಿಗಳ ಜಗಳ ಬಿಡಿಸಿ, ನಿಯಮಗಳ ಪಾಲನೆಯನ್ನು ನೋಡಿಕೊಳ್ಳುತ್ತಾನೆ. ಸರದಿಯ ಮೇಲೆ ಬರುವ ರಾತ್ರಿ ಪಾಳಿಯಲ್ಲಿ ಕುಡಿತದ ಅಮಲು, ಅನಾರೋಗ್ಯ, ಆತ್ಮಹತ್ಯೆಯ ಯೋಚನೆಯಂತಹ ಸಂದರ್ಭಗಳನ್ನು ಮೊದಲು ಎದುರಿಸುವವನೂ ಅವನೇ. ಇಪ್ಪತ್ತರ ಆಸುಪಾಸಿನ ತರುಣರಿಗೆ ಇದು ನಿಜಕ್ಕೂ ಭಾರವಾದ ಕೆಲಸ.

ಪ್ರತಿಫಲವು ಬಹುತೇಕ ಉಚಿತ ಕೊಠಡಿ, ಹಲವೆಡೆ ಊಟ, ಕೆಲವೆಡೆ ಅಲ್ಪ ಭತ್ಯೆಯ ರೂಪದಲ್ಲಿರುತ್ತದೆ. ಕೆಲಸದ ಅವಧಿಗೆ ಖಚಿತ ಎಲ್ಲೆಯಿಲ್ಲದಿರುವುದು ಅಸಮಾಧಾನಕ್ಕೆ ಕಾರಣವಾಗಿದ್ದು, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಆವರಣದ ಸಹಾಯಕರು 2002ರಲ್ಲಿ ಮತದಾನದ ಮೂಲಕ ಯುನೈಟೆಡ್ ಆಟೋ ವರ್ಕರ್ಸ್ ಕಾರ್ಮಿಕ ಸಂಘವನ್ನು ಸೇರಿದ್ದು ಈ ದಿಸೆಯಲ್ಲಿ ಗಮನಾರ್ಹ ಹೆಜ್ಜೆ.

ಸ್ವಾಗತ ಮೇಜು, ಅಂಚೆ ವಿಂಗಡಣೆ, ಭೋಜನಶಾಲೆಗಳಲ್ಲಿ ಗಂಟೆಯ ಕೂಲಿಯ ಕೆಲಸಗಳೂ ಉಂಟು. ಇಂತಹ ಕೆಲವು ಹುದ್ದೆಗಳಿಗೆ, 1964ರ ಆರ್ಥಿಕ ಅವಕಾಶ ಕಾಯಿದೆಯಿಂದ ಆರಂಭವಾದ, ಬಡ ವಿದ್ಯಾರ್ಥಿಗಳ ವೇತನದ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯಿಂದ ಹಣ ಒದಗುತ್ತದೆ. ಕರ್ನಾಟಕದಿಂದ ಹೋಗುವವರನ್ನೂ ಒಳಗೊಂಡಂತೆ ಎಫ್-1 ವೀಸಾದ ವಿದೇಶಿ ವಿದ್ಯಾರ್ಥಿಗಳು ಈ ನೆರವಿಗೆ ಅರ್ಹರಲ್ಲವಾದರೂ, ತರಗತಿಗಳು ನಡೆಯುವ ಅವಧಿಯಲ್ಲಿ ಆವರಣದೊಳಗೆ ವಾರಕ್ಕೆ 20 ಗಂಟೆಗಳವರೆಗೆ ದುಡಿಯಬಹುದು.